‘ಹ್ಯಾಡ್ ಬೀನ್ ವೇಟಿಂಗ್’ ಎಲ್ಲಿ ಹಾಕ್ಬೇಕು, ಎಲ್ಲಿ ಬೇಡ

‘ಐ ವಾಸ್ ವೇಟಿಂಗ್ ಫ್ರಮ್ ಒನ್ ಅವರ್’ ಅನ್ನೋ ವಾಕ್ಯ ಬೆಂಗಳೂರಲ್ಲಿ ಯಾವ ಆಫೀಸಿಗೆ ಹೋದ್ರೂ, ಯಾರ್ಯಾರು ಕ್ಯಾಬ್ ಡ್ರೈವರ್ ಜೊತೆ ಫೋನಲ್ಲಿ ಜಗಳ ಆಡ್ತಿದ್ರೂ ಕಿವಿಗೆ ಬಿದ್ದೇ ಬೀಳುತ್ತೆ. ಹೇಳಿದವ್ರಿಗೂ ಅರ್ಥ ಆಗಿರುತ್ತೆ, ಕೇಳಿದವ್ರಿಗೂ ಅರ್ಥ ಆಗಿರುತ್ತೆ, ಯಾಕಂದ್ರೆ ಇಬ್ರ ತಲೇಲೂ ಓಡ್ತಿರೋದು ‘ಒಂದು ಗಂಟೆಯಿಂದ ಕಾಯ್ತಾ ಇದ್ದೆ’ ಅನ್ನೋ ಕನ್ನಡ ವಾಕ್ಯನೇ. ಇದನ್ನೇ ಇಂಗ್ಲಿಷಲ್ಲಿ ಸರಿಯಾಗಿ ಹೇಳೋದಾದ್ರೆ ‘ಐ ಹ್ಯಾಡ್ ಬೀನ್ ವೇಟಿಂಗ್ ಫಾರ್ ಆನ್ ಅವರ್’. ಗ್ರಾಮರ್ ಪುಸ್ತಕಗಳಲ್ಲಿ ಇದಕ್ಕೆ ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಅಂತಾರೆ, ಕೆಲವರು ಪಾಸ್ಟ್ ಪರ್ಫೆಕ್ಟ್ ಪ್ರೋಗ್ರೆಸ್ಸಿವ್ ಅಂತಾರೆ, ಎರಡೂ ಒಂದೇ, ಹೆಸರು ನೋಡಿ ಹೆದರ್ಕೋಬೇಡಿ. ಹೈಸ್ಕೂಲಲ್ಲಿ ಹನ್ನೆರಡು ಟೆನ್ಸಿನ ಚಾರ್ಟ್ ಬಾಯಿಪಾಠ ಮಾಡಿಸ್ತಾರಲ್ಲ, ಅದರಲ್ಲಿ ಪಾಸ್ಟ್ ಸಾಲಿನ ಕೊನೇ ಮನೆ ಇದು, ಎಕ್ಸಾಮಲ್ಲಿ ಒಂದು ಮಾರ್ಕಿಗೆ ಬರೆದು ಆಮೇಲೆ ಜೀವಮಾನದಲ್ಲಿ ಮತ್ತೆ ಮುಟ್ಟದೇ ಇರೋ ಮನೆ.

ನನ್ನ ಪ್ರಕಾರ ಇದು ಕಷ್ಟದ ಟೆನ್ಸೇ ಅಲ್ಲ. ಇದರ ಅರ್ಥ ನಾವು ದಿನಕ್ಕೆ ಹತ್ತು ಸಲ ಕನ್ನಡದಲ್ಲಿ ಹೇಳ್ತಾನೇ ಇರ್ತೀವಿ. ಒಂದೇ ವ್ಯತ್ಯಾಸ ಅಂದ್ರೆ ಕನ್ನಡ ಈ ಅರ್ಥನ ವಾಕ್ಯದ ಬೇರೆ ಕಡೆ ಇಡುತ್ತೆ, ಇಂಗ್ಲಿಷ್ ಅದನ್ನ ಕ್ರಿಯಾಪದದ ಮೇಲೇ ಹೇರುತ್ತೆ. ಕನ್ನಡದಲ್ಲಿ ಅದು ಎಲ್ಲಿ ಕೂತಿದೆ ಅಂತ ಒಂದ್ಸಲ ಕಣ್ಣಿಗೆ ಬಿದ್ರೆ ಚಾರ್ಟ್ ಬೇಕಾಗಲ್ಲ.

ಮೊದ್ಲು ರೂಪ ಮುಗಿಸಿಬಿಡೋಣ, ಅದು ಎರಡು ನಿಮಿಷದ ಕೆಲಸ. ‘ಹ್ಯಾಡ್’, ಆಮೇಲೆ ‘ಬೀನ್’, ಆಮೇಲೆ ಕ್ರಿಯಾಪದಕ್ಕೆ ‘ಇಂಗ್’. ಐ, ಯೂ, ಹಿ, ಶಿ, ದೇ ಯಾರೇ ಬರ್ಲಿ ‘ಹ್ಯಾಡ್ ಬೀನ್’ ಬದಲಾಗಲ್ಲ. ಹ್ಯಾವ್-ಹ್ಯಾಸ್ ಗಲಾಟೆ ಇಲ್ಲ, ವಾಸ್-ವರ್ ಗಲಾಟೆ ಇಲ್ಲ, ಗೋ-ವೆಂಟ್-ಗಾನ್ ಅಂತ ಮೂರು ಮೂರು ರೂಪ ನೆನಪಿಟ್ಕೊಳ್ಳೋದೂ ಇಲ್ಲ. ರೂಪದ ಮಟ್ಟಿಗೆ ಹೇಳಿದ್ರೆ ಇಂಗ್ಲಿಷಿನ ಅತ್ಯಂತ ಸಾಧು ಟೆನ್ಸ್ ಇದು. ತಲೆನೋವೆಲ್ಲ ಇರೋದು ಯಾವಾಗ ಹಾಕ್ಬೇಕು ಅನ್ನೋದರಲ್ಲಿ.

ಇದನ್ನ ಹಾಕೋಕೆ ಮುಂಚೆ ಕಥೇಲಿ ಎರಡು ಹೊತ್ತು ಬೇಕು. ಒಂದು, ಆಗಿಹೋದ ಒಂದು ಗಳಿಗೆ, ಬಸ್ ಬಂತು, ಕರೆಂಟ್ ಹೋಯ್ತು, ಅಪ್ಪ ಬಾಗಿಲು ತೆಗೆದ್ರು, ಈ ಥರದ್ದು. ಇನ್ನೊಂದು, ಆ ಗಳಿಗೆಗಿಂತ ಮುಂಚೆನೇ ಶುರುವಾಗಿ ಅಲ್ಲೀವರೆಗೆ ಎಳ್ಕೊಂಡು ಬಂದಿರೋ ಒಂದು ಕೆಲಸ. ‘ವೆನ್ ದ ಬಸ್ ಕೇಮ್, ಐ ಹ್ಯಾಡ್ ಬೀನ್ ವೇಟಿಂಗ್ ಫಾರ್ ಆನ್ ಅವರ್.’ ಬಸ್ ಬಂದಿದ್ದು ಆ ಗಳಿಗೆ, ಕಾದಿದ್ದು ಅದಕ್ಕೆ ಮುಂಚಿನ ಒಂದು ಗಂಟೆ. ನೀವು ಇವತ್ತು ನಿಂತು ಮಾತಾಡ್ತಿದ್ದೀರಿ, ಆದ್ರೆ ಕೇಳುವವರನ್ನ ಮೊದಲು ಬಸ್ ಬಂದ ಗಳಿಗೆಗೆ ಕರ್ಕೊಂಡು ಹೋಗಿ, ಅಲ್ಲಿ ನಿಲ್ಲಿಸಿ, ಅಲ್ಲಿಂದ ಇನ್ನೂ ಹಿಂದಕ್ಕೆ ತಿರುಗಿ ನೋಡಿ ಅಂತಿದ್ದೀರಿ.

ಈಗ ಅದೇ ಬಸ್‌ಸ್ಟಾಪಲ್ಲಿ ‘ವೆನ್ ದ ಬಸ್ ಕೇಮ್, ಐ ವಾಸ್ ಟಾಕಿಂಗ್ ಆನ್ ದ ಫೋನ್’ ಅಂದ್ರೆ ಏನು? ಬಸ್ ಬಂದಾಗ ಏನು ನಡೀತಿತ್ತು ಅಷ್ಟೇ, ಎಷ್ಟು ಹೊತ್ತಿಂದ ಅನ್ನೋದು ಯಾರಿಗೂ ಬೇಡ. ‘ಐ ಹ್ಯಾಡ್ ಬೀನ್ ಟಾಕಿಂಗ್ ಆನ್ ದ ಫೋನ್ ಫಾರ್ ಟ್ವೆಂಟಿ ಮಿನಿಟ್ಸ್’ ಅಂದ್ರೆ ಆ ಇಪ್ಪತ್ತು ನಿಮಿಷ ಮುಖ್ಯ. ಮೊದಲನೇದು ಆ ಗಳಿಗೆಯ ಫೋಟೋ, ಎರಡನೇದು ಆ ಗಳಿಗೆವರೆಗಿನ ಲೆಕ್ಕ.

ಕನ್ನಡದಲ್ಲಿ ಈ ಎರಡಕ್ಕೂ ನಾವು ಉಪಯೋಗಿಸೋದು ಒಂದೇ ‘-ತಾ ಇದ್ದೆ’. ‘ಬಸ್ ಬಂದಾಗ ಮಾತಾಡ್ತಾ ಇದ್ದೆ’, ‘ಬಸ್ ಬಂದಾಗ ಇಪ್ಪತ್ತು ನಿಮಿಷದಿಂದ ಮಾತಾಡ್ತಾ ಇದ್ದೆ’. ಕ್ರಿಯಾಪದ ಒಂಚೂರೂ ಬದಲಾಗಿಲ್ಲ ನೋಡಿ, ಕೆಲಸ ಪೂರ್ತಿ ಮಾಡಿದ್ದು ‘ನಿಮಿಷದಿಂದ’ ಅನ್ನೋದರ ಬಾಲದಲ್ಲಿರೋ ‘ಇಂದ’. ಅದಕ್ಕೇ ನಮ್ಮವರು ಇಂಗ್ಲಿಷಿಗೆ ಹೋದಾಗ ಕ್ರಿಯಾಪದನ ‘ವಾಸ್ ಟಾಕಿಂಗ್’ ಅಂತಲೇ ಬಿಟ್ಟು, ‘ಇಂದ’ಕ್ಕೆ ಒಂದು ‘ಫ್ರಮ್’ ತಗುಲಿಸಿ ಮುಂದೆ ಹೋಗ್ತಾರೆ. ಇಂಗ್ಲಿಷಿಗೆ ಅಷ್ಟು ಸಾಕಾಗಲ್ಲ, ಅದು ಕ್ರಿಯಾಪದನೂ ಬದಲಾಯಿಸು ಅನ್ನುತ್ತೆ. ಹಾಗಾಗಿ ಸೂತ್ರ ಏನಪ್ಪಾ ಅಂದ್ರೆ, ನಿಮ್ಮ ಕನ್ನಡ ವಾಕ್ಯದಲ್ಲಿ ‘ಇಷ್ಟು ಹೊತ್ತಿಂದ’ ಅಥವಾ ‘ಆವಾಗಿಂದ’ ಅನ್ನೋದೂ ಇದ್ದು, ‘-ತಾ ಇದ್ದ’ ಅನ್ನೋದೂ ಇದ್ರೆ, ‘ಹ್ಯಾಡ್ ಬೀನ್’ ತೆಗೀರಿ. ಹತ್ತರಲ್ಲಿ ಎಂಟು ಸಲ ಸರಿ ಹೋಗುತ್ತೆ, ಉಳಿದ ಎರಡರ ಬಗ್ಗೆ ಮುಂದೆ ಹೇಳ್ತೀನಿ.

ಇನ್ನೂ ಹತ್ತಿರದ್ದು ಒಂದಿದೆ ಕನ್ನಡದಲ್ಲಿ, ‘-ತಾ ಬಂದಿದ್ದ’. ‘ಅವರಪ್ಪ ಮೂವತ್ತು ವರ್ಷದಿಂದ ಆ ಅಂಗಡಿ ನಡೆಸ್ತಾ ಬಂದಿದ್ರು, ರೋಡ್ ಅಗಲ ಮಾಡೋವಾಗ ಹೋಯ್ತು.’ ಇದನ್ನ ಇಂಗ್ಲಿಷಿಗೆ ಹಾಕಿದ್ರೆ ‘ಹಿಸ್ ಫಾದರ್ ಹ್ಯಾಡ್ ಬೀನ್ ರನ್ನಿಂಗ್ ದಟ್ ಶಾಪ್ ಫಾರ್ ಥರ್ಟಿ ಇಯರ್ಸ್’ ಅನ್ನೋದೇ ಸಹಜ. ‘ಬಂದಿದ್ರು’ ಅನ್ನೋದು ಹ್ಯಾಡ್ ಬೀನ್, ‘ನಡೆಸ್ತಾ’ ಅನ್ನೋದು ರನ್ನಿಂಗ್, ಕೂಡಿಸಿ ಇಟ್ಟ ಹಾಗಿದೆ. ವರ್ಷಗಟ್ಟಲೆ ನಡೆದ ಕೆಲಸಗಳಿಗೆ ಈ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತೆ, ಬಸ್‌ಸ್ಟಾಪಲ್ಲಿ ಅರ್ಧ ಗಂಟೆ ನಿಂತಿದ್ದಕ್ಕೆ ಯಾರೂ ‘ಕಾಯ್ತಾ ಬಂದಿದ್ದೆ’ ಅನ್ನಲ್ಲ ಬಿಡಿ.

‘ಇಂದ’ದ ವಿಷಯ ಬಂತಲ್ಲ, ಸಿನ್ಸ್ ಮತ್ತು ಫಾರ್ ಜಗಳಾನೂ ಇಲ್ಲೇ ಮುಗಿಸ್ಬಹುದು. ನಮಗೆ ‘ಸೋಮವಾರದಿಂದ’ಗೂ ಅದೇ ಇಂದ, ‘ಮೂರು ದಿನದಿಂದ’ಗೂ ಅದೇ ಇಂದ. ಇಂಗ್ಲಿಷಲ್ಲಿ ಶುರುವಾದ ಹೊತ್ತು ಹೇಳಿದ್ರೆ ಸಿನ್ಸ್, ಎಷ್ಟು ಹೊತ್ತು ಅನ್ನೋ ಅಳತೆ ಹೇಳಿದ್ರೆ ಫಾರ್. ‘ಯಾವಾಗಿಂದ’ ಅನ್ನೋ ಪ್ರಶ್ನೆಗೆ ಉತ್ತರ ಸಿನ್ಸ್ ಮಂಡೇ, ‘ಎಷ್ಟು ದಿನದಿಂದ’ ಅನ್ನೋದಕ್ಕೆ ಫಾರ್ ತ್ರೀ ಡೇಸ್. ‘ಸಿನ್ಸ್ ಟೂ ಇಯರ್ಸ್’ ಅನ್ನೋದು ನಮ್ಮ ರೆಸ್ಯೂಮೆಗಳಲ್ಲಿ ಎಷ್ಟು ಬೇರೂರಿದೆ ಅಂದ್ರೆ ಅದನ್ನ ಕೀಳೋಕೆ ಹೋಗೋದೇ ದಂಡ ಅನ್ಸುತ್ತೆ, ಆದ್ರೂ ಪರೀಕ್ಷೆ ಬರೆಯೋವ್ರು ನೆನಪಿಟ್ಕೊಳ್ಳಿ.

ಒಂದು ನಿಜವಾದ ಕಥೆ ತಗೊಳ್ಳೋಣ, ಎಲ್ರಿಗೂ ಗೊತ್ತಿರೋದು. 2001ರ ಮಾರ್ಚ್, ಕೋಲ್ಕತ್ತಾ ಈಡನ್ ಗಾರ್ಡನ್ಸ್, ಆಸ್ಟ್ರೇಲಿಯಾ ಎದುರು ಟೆಸ್ಟ್. ಫಾಲೋ ಆನ್ ಆಗಿದೆ, ಲಕ್ಷ್ಮಣ್ ಜೊತೆ ದ್ರಾವಿಡ್ ಮೂರನೇ ದಿನ ಜೊತೆಯಾದ್ರು, ನಾಲ್ಕನೇ ದಿನ ಬೆಳಗ್ಗೆಯಿಂದ ಸಂಜೆವರೆಗೆ ಒಂದೂ ವಿಕೆಟ್ ಬೀಳಲಿಲ್ಲ, ಐದನೇ ದಿನ ಬೆಳಗ್ಗೆ ಲಕ್ಷ್ಮಣ್ 281ಕ್ಕೆ ಔಟ್ ಆದ್ರು. ಈ ಔಟ್ ಆದ ಗಳಿಗೆ ಹತ್ರ ನಿಂತು ಹಿಂದೆ ನೋಡಿ. ‘ವೆನ್ ಲಕ್ಷ್ಮಣ್ ಗಾಟ್ ಔಟ್, ಹಿ ಆ್ಯಂಡ್ ದ್ರಾವಿಡ್ ಹ್ಯಾಡ್ ಬೀನ್ ಬ್ಯಾಟಿಂಗ್ ಟುಗೆದರ್ ಸಿನ್ಸ್ ದ ಥರ್ಡ್ ಡೇ.’ ಮೂರನೇ ದಿನದಿಂದ ಆಡ್ತಾ ಇದ್ರು, ಎಳೆದ ಲೆಕ್ಕ, ಹ್ಯಾಡ್ ಬೀನ್. ಅದರ ಹಿಂದೆನೇ ಇನ್ನೊಂದು ವಾಕ್ಯ ಬರುತ್ತೆ, ‘ಬೈ ದೆನ್ ದೇ ಹ್ಯಾಡ್ ಆ್ಯಡೆಡ್ 376 ರನ್ಸ್.’ ಅಷ್ಟೊತ್ತಿಗೆ 376 ರನ್ ಸೇರಿಸಿದ್ರು. ಇಲ್ಲಿ ‘ಹ್ಯಾಡ್ ಬೀನ್ ಆ್ಯಡಿಂಗ್ 376 ರನ್ಸ್’ ಅನ್ನೋ ಹಾಗಿಲ್ಲ. ಎಷ್ಟು ಹೊತ್ತು ಅನ್ನೋದಕ್ಕೆ ಹ್ಯಾಡ್ ಬೀನ್ ಜೊತೆ ಇಂಗ್, ಎಷ್ಟಾಯ್ತು ಅನ್ನೋದಕ್ಕೆ ಬರೀ ಹ್ಯಾಡ್ ಆ್ಯಡೆಡ್. ಕನ್ನಡದಲ್ಲೂ ಹಾಗೇ, ‘376 ರನ್ ಸೇರಿಸ್ತಾ ಇದ್ರು’ ಅಂತ ಯಾವ ಕಾಮೆಂಟೇಟರೂ ಅನ್ನಲ್ಲ, ‘ಸೇರಿಸಿದ್ರು’ ಅಂತಾನೇ ಅನ್ನೋದು.

ಆ ಮ್ಯಾಚಲ್ಲೇ ಇನ್ನೊಂದು ಥರದ ಉಪಯೋಗನೂ ಇದೆ. ಎರಡನೇ ಇನಿಂಗ್ಸಲ್ಲಿ ಲಕ್ಷ್ಮಣ್‌ನ ಮೂರನೇ ನಂಬರಿಗೆ ಕಳಿಸಿ ದ್ರಾವಿಡ್‌ನ ಆರಕ್ಕೆ ಇಳಿಸಿದ್ರು. ‘ಅಂಟಿಲ್ ದೆನ್, ದ್ರಾವಿಡ್ ಹ್ಯಾಡ್ ಬೀನ್ ಬ್ಯಾಟಿಂಗ್ ಅಟ್ ನಂಬರ್ ತ್ರೀ.’ ಅಲ್ಲೀವರೆಗೆ ಮೂರರಲ್ಲಿ ಆಡ್ತಾ ಇದ್ರು. ಇಲ್ಲಿ ಬಿಡುವಿಲ್ದೇ ಎಳೆದ ಕೆಲಸ ಅಲ್ಲ, ನಡ್ಕೊಂಡು ಬಂದ ರೂಢಿ, ಆ ಇನಿಂಗ್ಸಲ್ಲಿ ಬದಲಾಯ್ತು. ರೂಢಿ ಮುರಿದ ಜಾಗದಲ್ಲಿ ಈ ಟೆನ್ಸ್ ತುಂಬಾ ಸಹಜವಾಗಿ ಬರುತ್ತೆ, ‘ಅಲ್ಲೀವರೆಗೆ ಬಸ್ಸಲ್ಲೇ ಓಡಾಡ್ತಿದ್ದೆ, ಮೆಟ್ರೋ ಬಂದ್ಮೇಲೆ ಬಿಟ್ಟೆ’ ಅನ್ನೋ ಥರದ್ದಕ್ಕೆಲ್ಲ. ಇನ್ನು ಆಸ್ಟ್ರೇಲಿಯಾದವ್ರು ಆ ಮ್ಯಾಚಿಗೆ ಬರೋ ಹೊತ್ತಿಗೆ ಸತತ ಹದಿನಾರು ಟೆಸ್ಟ್ ಗೆದ್ದಿದ್ರು, ಅದು ‘ಹ್ಯಾಡ್ ವನ್ ಸಿಕ್ಸ್‌ಟೀನ್ ಟೆಸ್ಟ್ಸ್ ಇನ್ ಎ ರೋ’, ಎಣಿಕೆ ಬಂತು, ಇಂಗ್ ಹೋಯ್ತು.

ಎಣಿಕೆ ಇಲ್ದೇ ಇದ್ರೂ ಮುಗೀತೋ ಇಲ್ವೋ ಅನ್ನೋದರ ಮೇಲೆ ವ್ಯತ್ಯಾಸ ಆಗುತ್ತೆ. ‘ಹಿ ಹ್ಯಾಡ್ ಪೇಂಟೆಡ್ ದ ಗೇಟ್’ ಅಂದ್ರೆ ಗೇಟಿಗೆ ಬಣ್ಣ ಹೊಡೆದು ಮುಗಿದಿತ್ತು, ಒಣಗಿದ್ರೆ ಮುಟ್ಬಹುದು. ‘ಹಿ ಹ್ಯಾಡ್ ಬೀನ್ ಪೇಂಟಿಂಗ್ ದ ಗೇಟ್’ ಅಂದ್ರೆ ಬಣ್ಣ ಹೊಡೆಯೋ ಕೆಲಸದಲ್ಲಿದ್ದ, ಮುಗೀತೋ ಬಿಡ್ತೋ ವಾಕ್ಯ ಹೇಳಲ್ಲ, ಆದ್ರೆ ಅವನ ಕೈಮೇಲೆಲ್ಲ ಪೇಂಟ್ ಯಾಕಿತ್ತು ಅಂತ ಗೊತ್ತಾಗುತ್ತೆ. ಯಾವ್ದಾದ್ರೂ ರಿಪೋರ್ಟ್ ಬಗ್ಗೆ ‘ಐ ಹ್ಯಾಡ್ ರೆಡ್ ಇಟ್’ ಅಂದ್ರೆ ಓದಿ ಮುಗಿಸಿದ್ದೆ, ‘ಐ ಹ್ಯಾಡ್ ಬೀನ್ ರೀಡಿಂಗ್ ಇಟ್’ ಅಂದ್ರೆ ಓದ್ತಾ ಇದ್ದೆ. ಮ್ಯಾನೇಜರ್ ಕೇಳಿದಾಗ ಎರಡನೇದು ಹೇಳಿದ್ರೆ ಸುಳ್ಳು ಹೇಳಿದ ಹಾಗೂ ಆಗಲ್ಲ.

ಅವನ ಕೈಮೇಲೆ ಪೇಂಟ್ ಅಂದ್ನಲ್ಲ, ಈ ಟೆನ್ಸಿನ ಇನ್ನೊಂದು ಮುಖ್ಯ ಉಪಯೋಗ ಅದೇ, ಇದರಲ್ಲಿ ‘ಇಷ್ಟು ಹೊತ್ತಿಂದ’ ಅನ್ನೋದು ಇರಲೇಬೇಕು ಅಂತಿಲ್ಲ. ಮನೆಯಿಂದ ಹೊರಗೆ ಬಂದ್ರೆ ರಸ್ತೆ ಎಲ್ಲ ಒದ್ದೆ, ಆದ್ರೆ ಆಗ ಮಳೆ ಇಲ್ಲ. ‘ದ ರೋಡ್ ವಾಸ್ ವೆಟ್. ಇಟ್ ಹ್ಯಾಡ್ ಬೀನ್ ರೇನಿಂಗ್.’ ಕೆಲಸ ಆ ಗಳಿಗೆಗೆ ಸ್ವಲ್ಪ ಮುಂಚೆ ನಿಂತಿದೆ, ಗುರುತು ಮಾತ್ರ ಉಳಿದಿದೆ. ‘ಇಟ್ ವಾಸ್ ರೇನಿಂಗ್’ ಅಂದ್ರೆ ನೀವು ಹೊರಗೆ ಕಾಲಿಟ್ಟಾಗಲೂ ಮಳೆ ಬೀಳ್ತಾನೇ ಇತ್ತು ಅಂತ ಆಗಿಬಿಡುತ್ತೆ. ಕನ್ನಡದಲ್ಲಿ ಇಲ್ಲಿ ‘ಮಳೆ ಬಂದಿತ್ತು’ ಅಂತೀವಿ, ಇಲ್ಲಾ ‘ಮಳೆ ಬಂದು ನಿಂತಿತ್ತು’ ಅಂತೀವಿ, ‘-ತಾ ಇತ್ತು’ ಬರೋದೇ ಇಲ್ಲ, ಆದ್ದರಿಂದ ಮೇಲೆ ಹೇಳಿದ ಸೂತ್ರ ಇಲ್ಲಿ ಕೈ ಕೊಡುತ್ತೆ, ಹತ್ತರಲ್ಲಿ ಎರಡು ಅಂದಿದ್ದರಲ್ಲಿ ಇದು ಒಂದು. ಹುಡುಗಿ ಕಣ್ಣು ಕೆಂಪಾಗಿತ್ತು, ‘ಶಿ ಹ್ಯಾಡ್ ಬೀನ್ ಕ್ರೈಯಿಂಗ್’. ಹುಡುಗ ಏದುಸಿರು ಬಿಡ್ತಿದ್ದ, ‘ಹಿ ಹ್ಯಾಡ್ ಬೀನ್ ರನ್ನಿಂಗ್’. ಅಡುಗೆಮನೇಲಿ ಹಿಟ್ಟು ಚೆಲ್ಲಾಡಿತ್ತು, ಯಾರೋ ರೊಟ್ಟಿ ತಟ್ಟಿದಾರೆ, ‘ಸಮ್‌ಒನ್ ಹ್ಯಾಡ್ ಬೀನ್ ಮೇಕಿಂಗ್ ರೊಟ್ಟೀಸ್’. ಪತ್ತೇದಾರಿ ಕಥೆಗಳಲ್ಲಿ ಇದು ಪುಟಕ್ಕೊಂದು ಸಿಗೋದು ಇದಕ್ಕೇ, ಗುರುತು ನೋಡಿ ಹಿಂದೆ ಏನು ನಡೀತಿತ್ತು ಅಂತ ಹೇಳೋದೇ ಪತ್ತೇದಾರನ ಕೆಲಸ ಅಲ್ವಾ.

ನಮ್ಮ ಊರಿನ ಪತ್ತೇದಾರರು ಐಟಿ ಸಪೋರ್ಟ್ ಟೀಮಿನವ್ರು. ಸರ್ವರ್ ಬಿದ್ದೋಗುತ್ತೆ, ಆಮೇಲೆ ಯಾಕೆ ಬಿತ್ತು ಅಂತ ಆರ್‌ಸಿಎ, ಅಂದ್ರೆ ಮೂಲ ಕಾರಣ ಹೇಳೋ ‘ರೂಟ್ ಕಾಸ್ ಅನಾಲಿಸಿಸ್’ ವರದಿ ಬರೀಬೇಕು, ಅದರಲ್ಲಿ ಈ ಟೆನ್ಸ್ ಇಲ್ದೇ ಒಂದು ಪ್ಯಾರಾ ಮುಂದೆ ಹೋಗಲ್ಲ. ಒಂದು ಮಾದರಿ ನೋಡಿ. ‘ದ ಅಪ್ಲಿಕೇಶನ್ ಸ್ಟಾಪ್ಡ್ ರೆಸ್ಪಾಂಡಿಂಗ್ ಅಟ್ ನೈನ್ ಆನ್ ಮಂಡೇ ಮಾರ್ನಿಂಗ್. ದ ಡಿಸ್ಕ್ ಹ್ಯಾಡ್ ಬೀನ್ ಫಿಲ್ಲಿಂಗ್ ಅಪ್ ಸಿನ್ಸ್ ಫ್ರೈಡೇ. ದ ಅಲರ್ಟ್ಸ್ ಹ್ಯಾಡ್ ಬೀನ್ ಗೋಯಿಂಗ್ ಟು ಆ್ಯನ್ ಓಲ್ಡ್ ಮೇಲ್ ಐಡಿ. ವಿ ಕ್ಲಿಯರ್ಡ್ ದ ಲಾಗ್ಸ್ ಆ್ಯಂಡ್ ರೀಸ್ಟಾರ್ಟೆಡ್ ದ ಸರ್ವರ್.’ ಸೋಮವಾರ ಒಂಬತ್ತು ಗಂಟೆ ಅನ್ನೋದು ಗಳಿಗೆ, ಅದು ಬರೀ ಸಿಂಪಲ್ ಪಾಸ್ಟಲ್ಲಿ ಬಂತು. ಶುಕ್ರವಾರದಿಂದ ಡಿಸ್ಕ್ ತುಂಬ್ತಾ ಇದ್ದಿದ್ದು, ಅಲರ್ಟ್ ಎಲ್ಲ ಯಾರೂ ನೋಡದ ಐಡಿಗೆ ಹೋಗ್ತಾ ಇದ್ದಿದ್ದು, ಇವೆರಡೂ ಅದರ ಹಿಂದಿನ ಕಥೆ, ಹ್ಯಾಡ್ ಬೀನ್. ಹಿಂದಿನ ಕಥೆ ಮುಗಿದ ತಕ್ಷಣ ಮತ್ತೆ ಸಿಂಪಲ್ ಪಾಸ್ಟಿಗೆ ವಾಪಸ್, ಲಾಗ್ ಕ್ಲಿಯರ್ ಮಾಡಿದ್ವಿ, ರೀಸ್ಟಾರ್ಟ್ ಮಾಡಿದ್ವಿ. ಇದನ್ನೇ ‘ದ ಡಿಸ್ಕ್ ವಾಸ್ ಫಿಲ್ಲಿಂಗ್ ಅಪ್ ಫ್ರಮ್ ಫ್ರೈಡೇ’ ಅಂತ ಬರೆದ್ರೂ ಕ್ಲೈಂಟಿಗೆ ಅರ್ಥ ಆಗುತ್ತೆ, ಆದ್ರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಕಾಲ್ ಮಾಡಿ ಕೇಳ್ತಾರೆ, ಆ ಕಾಲ್ ರಾತ್ರಿ ಹತ್ತೂವರೆಗೆ ಇರುತ್ತೆ. ಡಾಕ್ಟರ್‌ಗಳು ಕೇಸ್ ಶೀಟಲ್ಲಿ ಬರೆಯೋದೂ ಇದೇ ಥರ, ರೋಗಿ ಅಡ್ಮಿಟ್ ಆದದ್ದು ಗಳಿಗೆ, ಅದಕ್ಕೆ ಮುಂಚೆ ಎಷ್ಟು ದಿನದಿಂದ ಯಾವ ಮಾತ್ರೆ ತಗೊಳ್ತಾ ಇದ್ರು ಅನ್ನೋದು ಹ್ಯಾಡ್ ಬೀನ್ ಟೇಕಿಂಗ್.

ಎಲ್ಲಾ ಕ್ರಿಯಾಪದಗಳೂ ಇದಕ್ಕೆ ಒಗ್ಗಲ್ಲ, ಸೂತ್ರ ಕೈ ಕೊಡೋ ಇನ್ನೊಂದು ಜಾಗ ಇದು. ನೋ, ಹ್ಯಾವ್, ಬಿಲಾಂಗ್, ಲವ್, ಬಿಲೀವ್, ಅಂಡರ್‌ಸ್ಟ್ಯಾಂಡ್, ಇವೆಲ್ಲ ಮಾಡೋ ಕೆಲಸಗಳಲ್ಲ, ಇರೋ ಸ್ಥಿತಿಗಳು, ಇವಕ್ಕೆ ಸಾಮಾನ್ಯವಾಗಿ ಇಂಗ್ ಹಚ್ಚಲ್ಲ. ‘ಐ ಹ್ಯಾಡ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’, ಹ್ಯಾಡ್ ಬೀನ್ ನೋಯಿಂಗ್ ಅಲ್ಲ. ಇಲ್ಲಿ ಕನ್ನಡ ಅರ್ಧ ದಾರಿ ಜೊತೆಗೆ ಬರುತ್ತೆ, ಗೊತ್ತಿತ್ತು, ಬೇಕಿತ್ತು, ಇತ್ತು, ಇವಕ್ಕೆ ನಾವೂ ‘-ತಾ ಇತ್ತು’ ಹಚ್ಚಲ್ಲ, ‘ಹತ್ತು ವರ್ಷದಿಂದ ಗೊತ್ತಿತ್ತು’ ಅಂತೀವೇ ಹೊರತು ಅದಕ್ಕೆ ಬಾಲ ಸೇರಿಸಲ್ಲ. ಉಳಿದರ್ಧ ದಾರೀಲಿ ಕನ್ನಡ ಕೈಬಿಡುತ್ತೆ. ‘ಅರ್ಥ ಆಗ್ತಾ ಇರ್ಲಿಲ್ಲ’, ‘ಪ್ರೀತಿಸ್ತಾ ಇದ್ದ’, ‘ನಂಬ್ತಾ ಇದ್ದೆ’, ‘ಕಾಣ್ತಾ ಇತ್ತು’ ಎಲ್ಲ ನಮಗೆ ಸಲೀಸು, ಅದಕ್ಕೇ ‘ಐ ವಾಸ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಅನ್ನೋದು ನಮ್ಮ ಬಾಯಲ್ಲಿ ತಾನಾಗೇ ಬರುತ್ತೆ. ಪ್ರೀತಿಗೆ ‘ಹಿ ಹ್ಯಾಡ್ ಲವ್ಡ್ ಹರ್ ಫಾರ್ ಇಯರ್ಸ್’ ಸಾಕು. ವಾಂಟ್ ಮತ್ತು ಮೀನ್ ಮಾತ್ರ ವಿಚಿತ್ರ, ಸ್ಥಿತಿಯ ಪದಗಳಾದ್ರೂ ಇಲ್ಲಿಗೆ ಬರ್ತಾವೆ. ‘ಐ ಹ್ಯಾಡ್ ಬೀನ್ ಮೀನಿಂಗ್ ಟು ಕಾಲ್ ಯೂ’ ಅಂದ್ರೆ ಎಷ್ಟೋ ದಿನದಿಂದ ಫೋನ್ ಮಾಡ್ಬೇಕು ಅಂದ್ಕೊಳ್ತಾನೇ ಇದ್ದೆ ಅಂತ, ಸೋಮಾರಿಗಳಿಗೆ ತುಂಬಾ ಉಪಯೋಗದ ವಾಕ್ಯ.

ಒಂದೇ ಏಟಿಗೆ ಮುಗಿಯೋ ಕೆಲಸಗಳೂ ಹೀಗೇ ತಕರಾರು ತೆಗೀತವೆ. ಗಾಜು ಒಡೆಯೋದು ಒಂದು ಕ್ಷಣ, ‘ಹ್ಯಾಡ್ ಬೀನ್ ಬ್ರೇಕಿಂಗ್ ದ ಗ್ಲಾಸ್ ಫಾರ್ ಟೆನ್ ಮಿನಿಟ್ಸ್’ ಅಂದ್ರೆ ಎಷ್ಟು ಗಾಜಿತ್ತಪ್ಪ ಅಂತ ಕೇಳ್ತಾರೆ. ಆದ್ರೆ ಅದೇ ಕೆಲಸ ಮತ್ತೆ ಮತ್ತೆ ಆದ್ರೆ ಸರಿ, ಬಾಗಿಲು ಬಡಿಯೋದು, ಫೋನ್ ಮಾಡೋದು, ಕೆಮ್ಮೋದು. ‘ಶಿ ಹ್ಯಾಡ್ ಬೀನ್ ಕಾಲಿಂಗ್ ಹಿಮ್ ಆಲ್ ಮಾರ್ನಿಂಗ್’ ಅಂದ್ರೆ ಬೆಳಗ್ಗೆಯಿಂದ ಒಂದೇ ಕಾಲಲ್ಲಿ ಇದ್ಳು ಅಂತಲ್ಲ, ಮಾಡ್ತಾನೇ ಇದ್ಳು, ಅವನು ಎತ್ಲಿಲ್ಲ.

ಇಲ್ಲ ಅನ್ನೋದಕ್ಕೆ ‘ಹ್ಯಾಡ್ ನಾಟ್ ಬೀನ್’, ಮಾತಲ್ಲಿ ‘ಹ್ಯಾಡಂಟ್ ಬೀನ್’. ಇದರಲ್ಲಿ ತುಂಬಾ ಸಹಜವಾಗಿ ಬರೋದು ‘ಐ ಹ್ಯಾಡಂಟ್ ಬೀನ್ ವೇಟಿಂಗ್ ಲಾಂಗ್ ವೆನ್ ದ ಬಸ್ ಕೇಮ್’, ಅಂದ್ರೆ ಬಂದು ಜಾಸ್ತಿ ಹೊತ್ತಾಗಿರ್ಲಿಲ್ಲ, ಬಸ್ ಬಂತು. ನಿದ್ದೆ ವಿಷಯದಲ್ಲಿ ಒಂದು ಚಂದದ ವ್ಯತ್ಯಾಸ ಇದೆ. ‘ಹಿ ಹ್ಯಾಡಂಟ್ ಸ್ಲೆಪ್ಟ್ ಫಾರ್ ಟೂ ಡೇಸ್’ ಅಂದ್ರೆ ಎರಡು ದಿನದಿಂದ ನಿದ್ದೆ ಮಾಡಿರ್ಲಿಲ್ಲ, ಪೂರ್ತಿ ಸೊನ್ನೆ. ‘ಹಿ ಹ್ಯಾಡಂಟ್ ಬೀನ್ ಸ್ಲೀಪಿಂಗ್ ವೆಲ್’ ಅಂದ್ರೆ ಸರಿಯಾಗಿ ನಿದ್ದೆ ಮಾಡ್ತಾ ಇರ್ಲಿಲ್ಲ. ಕನ್ನಡದ ಮಾಡಿರ್ಲಿಲ್ಲ, ಮಾಡ್ತಾ ಇರ್ಲಿಲ್ಲ ಎರಡೂ ಇಲ್ಲಿ ಅಚ್ಚುಕಟ್ಟಾಗಿ ಹೊಂದುತ್ತವೆ. ಪ್ರಶ್ನೆಗೆ ಹ್ಯಾಡ್ ಮುಂದಕ್ಕೆ ಬರುತ್ತೆ, ‘ಹೌ ಲಾಂಗ್ ಹ್ಯಾಡ್ ಯೂ ಬೀನ್ ವೇಟಿಂಗ್?’, ಎಷ್ಟು ಹೊತ್ತಿಂದ ಕಾಯ್ತಾ ಇದ್ರಿ.

ಇಂಟರ್‌ವ್ಯೂಗೆ ಹೋಗೋವ್ರು ಹ್ಯಾವ್‌ಗೂ ಹ್ಯಾಡ್‌ಗೂ ಇರೋ ಅಂತರ ನೋಡ್ಕೊಳ್ಳಿ, ಇಲ್ಲಿ ತಪ್ಪಿದ್ರೆ ಬರೀ ಗ್ರಾಮರ್ ತಪ್ಪಾಗಲ್ಲ, ವಿಷಯನೇ ತಪ್ಪಾಗುತ್ತೆ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಅಂದ್ರೆ ಈಗ್ಲೂ ಅಲ್ಲೇ ಇದ್ದೀನಿ. ‘ಐ ಹ್ಯಾಡ್ ಬೀನ್ ವರ್ಕಿಂಗ್ ದೇರ್ ಫಾರ್ ತ್ರೀ ಇಯರ್ಸ್ ವೆನ್ ದೇ ಕ್ಲೋಸ್ಡ್ ದ ಬ್ರಾಂಚ್’ ಅಂದ್ರೆ ಬ್ರಾಂಚ್ ಮುಚ್ಚಿದ್ರು, ಆ ಹೊತ್ತಿಗೆ ಮೂರು ವರ್ಷ ಆಗಿತ್ತು. ಇನ್ನೂ ಕೆಲಸದಲ್ಲಿರೋರು ದೊಡ್ಡ ಇಂಗ್ಲಿಷ್ ಇರ್ಲಿ ಅಂತ ಹ್ಯಾಡ್ ಹಾಕಿದ್ರೆ ಎಚ್‌ಆರ್ ಪಾಪ ಇವರು ಬಿಟ್ಟಾಯ್ತಾ, ನೋಟಿಸ್ ಪೀರಿಯಡ್ ಇಲ್ವಾ ಅಂದ್ಕೋತಾರೆ. ಮುಂದೆ ಯಾವ ಗಳಿಗೆನೂ ಇಲ್ದೇ ಬರೀ ಹಳೇ ಕೆಲಸದ ಬಗ್ಗೆ ಹೇಳೋದಾದ್ರೆ ಇದರ ಸಹವಾಸನೇ ಬೇಡ, ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಅನ್ನಿ, ಸಾಕು.

ನಮ್ಮ ಕಡೆ ಹ್ಯಾಡ್ ಮೇಲೆ ಒಂದು ಮೋಹ ಇದೆ, ಅದಕ್ಕೂ ಕಾರಣ ಕನ್ನಡನೇ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅಂತೀವಿ, ‘ಹೋಗಿದ್ದೆ’ ಅಂದ್ರೆ ಹ್ಯಾಡ್ ಗಾನ್ ಅಂತ ಸ್ಕೂಲಲ್ಲಿ ಕಲಿಸಿದ್ದಾರೆ, ಆದ್ದರಿಂದ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮೈಸೂರು’. ಇಂಗ್ಲಿಷಲ್ಲಿ ಅದು ಬರೀ ‘ಐ ವೆಂಟ್’. ಹ್ಯಾಡ್ ಅಂದ ತಕ್ಷಣ ಕೇಳೋವ್ರು ಆಮೇಲೆ ಏನಾಯ್ತು ಅಂತ ಕಾಯ್ತಾರೆ, ನೀವು ಊಟ ಮಾಡೋಕೆ ಎದ್ದು ಹೋಗಿರ್ತೀರಿ. ‘ಐ ಹ್ಯಾಡ್ ಬೀನ್ ಲಿವಿಂಗ್ ಇನ್ ಹುಬ್ಬಳ್ಳಿ’ ಅಂತ ಒಂದೇ ವಾಕ್ಯ ಹೇಳಿ ನಿಲ್ಲಿಸಿದ್ರೂ ಹಾಗೇ, ಮದುವೆ ಆದಾಗಲೋ, ಟ್ರಾನ್ಸ್‌ಫರ್ ಬಂದಾಗಲೋ, ಏನೋ ಒಂದು ಬರ್ಬೇಕು. ಆ ಗಳಿಗೆ ಅದೇ ವಾಕ್ಯದಲ್ಲಿ ಇರ್ಬೇಕು ಅಂತಿಲ್ಲ, ಹಿಂದಿನ ವಾಕ್ಯದಲ್ಲಿ ಬಂದಿದ್ರೂ ನಡೆಯುತ್ತೆ, ಒಟ್ಟು ಕಥೇಲಿ ಎಲ್ಲೋ ಇರ್ಬೇಕು.

ದೂರು ಬರೆಯೋವಾಗ ಒಂದು ಎಚ್ಚರಿಕೆ. ‘ಹ್ಯಾಡ್ ಬೀನ್ ಚೀಟಿಂಗ್’ ಮತ್ತು ‘ಹ್ಯಾಡ್ ಬೀನ್ ಚೀಟೆಡ್’ ನೋಡೋಕೆ ಅಣ್ಣ ತಮ್ಮ ಥರ ಇವೆ, ಮೊದಲನೇದು ಮೋಸ ಮಾಡ್ತಾ ಇದ್ದ, ಎರಡನೇದು ಮೋಸ ಹೋಗಿದ್ದ. ಬಾಲದಲ್ಲಿ ಇಂಗ್ ಇದ್ರೆ ಕೆಲಸ ಮಾಡಿದವನು ಅವನು, ಇಲ್ದಿದ್ರೆ ಅವನಿಗೆ ಆಗಿದ್ದು. ಪೊಲೀಸ್ ಸ್ಟೇಷನ್ನಿಗೆ ಕೊಡೋ ಅರ್ಜೀಲಿ ‘ಐ ಹ್ಯಾಡ್ ಬೀನ್ ಚೀಟಿಂಗ್ ಫಾರ್ ಸಿಕ್ಸ್ ಮಂತ್ಸ್’ ಅಂತ ಬರೆದುಬಿಟ್ರೆ ಮುಂದಿನ ಮಾತುಕತೆ ಬೇರೆ ದಿಕ್ಕಿಗೆ ಹೋಗುತ್ತೆ.

ಇಫ್ ಜೊತೆ ಬಂದಾಗ ಹೊತ್ತಿನ ಲೆಕ್ಕ ಹಿಂದೆ ಸರಿದು, ನಡೀದೇ ಇದ್ದ ವಿಷಯ ಮುಂದೆ ಬರುತ್ತೆ. ‘ಇಫ್ ಹಿ ಹ್ಯಾಡ್ ಬೀನ್ ವೇರಿಂಗ್ ಎ ಹೆಲ್ಮೆಟ್, ಹಿ ವುಡಂಟ್ ಹ್ಯಾವ್ ಬೀನ್ ಹರ್ಟ್.’ ಹೆಲ್ಮೆಟ್ ಹಾಕ್ಕೊಂಡಿದ್ದಿದ್ರೆ ಪೆಟ್ಟಾಗ್ತಿರ್ಲಿಲ್ಲ, ಅಂದ್ರೆ ಹಾಕ್ಕೊಂಡಿರ್ಲಿಲ್ಲ. ಇನ್ನು ಬೇರೆಯವರ ಮಾತನ್ನ ವರದಿ ಮಾಡೋವಾಗ ‘ಐ ಹ್ಯಾವ್ ಬೀನ್ ವೇಟಿಂಗ್’ ಅಂತ ಅವಳು ಅಂದಿದ್ದು ‘ಶಿ ಸೆಡ್ ಶಿ ಹ್ಯಾಡ್ ಬೀನ್ ವೇಟಿಂಗ್’ ಆಗುತ್ತೆ. ‘ಐ ವಾಸ್ ಸ್ಲೀಪಿಂಗ್’ ಅಂದಿದ್ದೂ ಪರೀಕ್ಷೇಲಿ ‘ಹ್ಯಾಡ್ ಬೀನ್ ಸ್ಲೀಪಿಂಗ್’ ಆಗ್ಬೇಕು, ಮಾತಲ್ಲಿ ಮಾತ್ರ ಇಂಗ್ಲಿಷ್ ಮಾತೃಭಾಷೆಯವ್ರೂ ಎಷ್ಟೋ ಸಲ ‘ವಾಸ್ ಸ್ಲೀಪಿಂಗ್’ ಅಂತಾನೇ ಬಿಟ್ಟುಬಿಡ್ತಾರೆ, ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಕಿವಿಗೆ ಇದು ಸಿಗೋದು ಮಾತ್ರ ಕಷ್ಟ. ಸಿನಿಮಾದಲ್ಲೋ ಮೀಟಿಂಗಲ್ಲೋ ‘ಐ ಹ್ಯಾಡ್ ಬೀನ್’ ಅಂತ ಬಿಡಿಸಿ ಯಾರೂ ಅನ್ನಲ್ಲ, ‘ಐಡ್ ಬಿನ್ ವೇಟಿಂಗ್’ ಅಂತ ಒಂದೇ ಉಸಿರಲ್ಲಿ ಹೋಗಿಬಿಡುತ್ತೆ, ಆ ‘ಡ್’ ತಪ್ಪಿದ್ರೆ ‘ಐವ್ ಬಿನ್’ ಅಂದ್ರೋ ಏನಂದ್ರೋ ಗೊತ್ತಾಗಲ್ಲ. ‘ಐಡ್’ ಅನ್ನೋದು ಹ್ಯಾಡೂ ಆಗ್ಬಹುದು ವುಡ್ಡೂ ಆಗ್ಬಹುದು, ಆದ್ರೆ ಹಿಂದೆನೇ ಬೀನ್ ಬಂದ್ರೆ ಹ್ಯಾಡೇ, ವುಡ್ ಆಗಿದ್ರೆ ಮಧ್ಯೆ ಒಂದು ಹ್ಯಾವ್ ಬೇಕಿತ್ತು.

ಉಳಿದಿದ್ದು ಪ್ಯಾಸಿವ್. ರಸ್ತೆ ಆರು ತಿಂಗಳಿಂದ ರಿಪೇರಿ ಆಗ್ತಾ ಇತ್ತು ಅನ್ನೋದನ್ನ ಚಾರ್ಟ್ ಪ್ರಕಾರ ಕಟ್ಟಿದ್ರೆ ‘ದ ರೋಡ್ ಹ್ಯಾಡ್ ಬೀನ್ ಬೀಯಿಂಗ್ ರಿಪೇರ್ಡ್ ಫಾರ್ ಸಿಕ್ಸ್ ಮಂತ್ಸ್’ ಆಗುತ್ತೆ. ಹಾಗೆ ಮಾತಾಡೋವ್ರು ಸಿಗೋದು ಅಪರೂಪ, ಬೀನ್ ಬೀಯಿಂಗ್ ಅಂತ ನಾಲಿಗೆ ತೊಡರುತ್ತೆ. ‘ದೇ ಹ್ಯಾಡ್ ಬೀನ್ ರಿಪೇರಿಂಗ್ ದ ರೋಡ್’ ಅನ್ನಿ, ಇಲ್ಲಾ ‘ದ ರೋಡ್ ಹ್ಯಾಡ್ ಬೀನ್ ಅಂಡರ್ ರಿಪೇರ್’ ಅನ್ನಿ. ರಿಪೇರಿ ಇನ್ನೂ ನಡೀತಾನೇ ಇದ್ರೆ ಹ್ಯಾಡ್ ತೆಗೆದು ಹ್ಯಾವ್, ಹ್ಯಾಸ್ ಹಾಕ್ಬೇಕಾಗುತ್ತೆ, ನಮ್ಮೂರಲ್ಲಿ ಜಾಸ್ತಿ ಬೇಕಾಗೋದು ಅದೇ.